ಒಡೆಯನಿಲ್ಲದ ಪ್ರಾಣಿ: ಪಿಂಜರಾಪೋಲಿನ ಇತಿಹಾಸದಲ್ಲಿ ಒಂದು ಪ್ರಶ್ನೆ

ಗಾಯಗೊಂಡ ಬೀದಿನಾಯಿ, ಕಾಲು ಮುರಿದ ಕತ್ತೆ, ಕಣ್ಣು ಹೋದ ಎತ್ತು ಮೊದಲಾದವನ್ನು ತಂದಿರಿಸಿಕೊಂಡು ಸ್ವಯಂಸೇವಕರು ಹಳ್ಳಿಗಳ ಹೊರವಲಯದಲ್ಲಿ ನಡೆಸುವ ಆಶ್ರಯಸ್ಥಾನಗಳು ಈಚಿನ ದಶಕಗಳಲ್ಲಿ ದೇಶದ ಹಲವೆಡೆ ತಲೆಯೆತ್ತಿವೆ. ಇಂಥವುಗಳ ಮೂಲವನ್ನು ಅಶೋಕನವರೆಗೆ ಒಯ್ಯುವುದು ನಮ್ಮಲ್ಲಿ ವಾಡಿಕೆ. ಅವನ ಎರಡನೆಯ ಶಿಲಾಶಾಸನವು ಮನುಷ್ಯಚಿಕಿತ್ಸೆ, ಪಶುಚಿಕಿತ್ಸೆ ಎಂಬೆರಡನ್ನು ಹೆಸರಿಸಿ, ಮೂಲಿಕೆಗಳನ್ನು ಇಲ್ಲದ ಕಡೆಗೆ ತರಿಸಿ ನೆಡಿಸಿದುದನ್ನು ತಿಳಿಸುತ್ತದೆ, ನಿಜ. ಆದರೆ ಶಾಸನದಲ್ಲಿರುವುದು ಚಿಕಿತ್ಸೆಯೆಂಬ ಮಾತೇ ಹೊರತು ಚಿಕಿತ್ಸಾಲಯವೆಂಬುದಲ್ಲ. ಕಟ್ಟಡವನ್ನು ಸೇರಿಸಿದವರು ನಾವು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಶಾಸನವೂ ಪ್ರಾಣಿಗಳಲ್ಲಿ ದಯೆ ದೃಢವಾಗಿರಬೇಕೆನ್ನುತ್ತದೆಯೇ ವಿನಾ ಸಂಸ್ಥೆಯ ಪ್ರಸ್ತಾಪವನ್ನು ಮಾಡುವುದಿಲ್ಲ.

ಸಂಸ್ಥೆಯನ್ನು ಕಣ್ಣಾರೆ ಕಂಡವರ ವರ್ಣನೆ ಬೇಕಾದರೆ ಗುಜರಾತಿನ ರೇವುಪಟ್ಟಣವಾದ ಖಂಬಾತಿಗೆ ಹೋಗಬೇಕು. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಅಲ್ಲಿಗೆ ಬಂದುದು 1623ರಲ್ಲಿ. (ಅದೇ ವರ್ಷದ ಕೊನೆಯಲ್ಲಿ ಇಕ್ಕೇರಿಗೆ ಬಂದು ವೆಂಕಟಪ್ಪ ನಾಯಕನ ಆಸ್ಥಾನವನ್ನು ವರ್ಣಿಸಿದವನೂ ಈತನೇ, ಕನ್ನಡಿಗರಿಗೆ ಅಪರಿಚಿತನಲ್ಲ.) ಖಂಬಾತಿನಲ್ಲಿ ಅವನು ಹಕ್ಕಿಗಳ ಆಸ್ಪತ್ರೆಯನ್ನೂ ಆಡು ಕುರಿ ದನಗಳಿಗಾಗಿ ಇದ್ದ ಬೇರೆ ಆಶ್ರಯಗಳನ್ನೂ ನೋಡಿದನು. ಹಕ್ಕಿಗಳ ಆಸ್ಪತ್ರೆಯಲ್ಲಿ ಬಿಳಿಗಡ್ಡದ ಮುದುಕನೊಬ್ಬನು ಮೂಗಿನ ಮೇಲೆ ಕನ್ನಡಕವಿರಿಸಿಕೊಂಡು, ತಾಯಿಯನ್ನು ಕಳೆದುಕೊಂಡ ಇಲಿಮರಿಗಳನ್ನು ಹತ್ತಿಯಲ್ಲಿ ಮಲಗಿಸಿ, ಹಕ್ಕಿಯ ಗರಿಯಿಂದ ಅವಕ್ಕೆ ಹಾಲುಣಿಸುತ್ತಿದ್ದನಂತೆ. ಓದುಗರ ಗಮನ ಸಹಜವಾಗಿ ಆ ಮುದುಕನ ಮೇಲೆ ನಿಲ್ಲುತ್ತದೆ. ಇತಿಹಾಸದ ವಿದ್ಯಾರ್ಥಿಯು ಅಲ್ಲಿಯ ಇನ್ನೊಂದು ಮಾತನ್ನೂ ಗಮನಿಸಬೇಕು: ಗುಣಹೊಂದಿದ ಕಾಡುಹಕ್ಕಿಗಳನ್ನು ಹಾರಿಬಿಡುತ್ತಿದ್ದರು; ಸಾಕುಹಕ್ಕಿಗಳನ್ನು ಧರ್ಮಿಷ್ಠರ ಮನೆಗೆ ಕೊಡುತ್ತಿದ್ದರು. ಎಂದರೆ ಅದು ಸಾಯುವವರೆಗೆ ಕೂಡಿಹಾಕುವ ದೊಡ್ಡಿಯಾಗಿರದೆ ಗುಣಪಡಿಸಿ ಕಳುಹಿಸುವ ಸ್ಥಳವಾಗಿತ್ತು.

ವೆಚ್ಚವನ್ನು ಹೊರುತ್ತಿದ್ದವರಾರು? ಗುಜರಾತಿನ ಪಿಂಜರಾಪೋಲುಗಳು ಬಿಡಿ ದಾನಗಳಿಂದಲೇ ಬದುಕಿದವಲ್ಲ. ವರ್ತಕರ ಮಹಾಜನವು ಸರಕಿನ ವಹಿವಾಟಿನ ಮೇಲೆ 'ಲಾಗಾ' ಎಂಬ ವಂತಿಗೆಯನ್ನು ಗೊತ್ತುಪಡಿಸಿ ವಸೂಲುಮಾಡುತ್ತಿತ್ತು. ದಯೆಗೊಂದು ನಿಯತವಾದ ಆದಾಯವಿತ್ತು.

ಮುಂಬಯಿಯಲ್ಲಿ ನಾಯಿಯೇ ಸಂಸ್ಥೆಗೆ ಕಾರಣವಾಯಿತು. ಬೀದಿನಾಯಿಯೊಂದನ್ನು ಕೊಂದರೆ 8 ಆಣೆ ಬಹುಮಾನವೆಂಬ ಆಸೆಗೆ ಪೊಲೀಸರು ಮನೆಯಂಗಳದ ನಾಯಿಗಳನ್ನೂ ಹಿಡಿಯತೊಡಗಿದಾಗ 1832ರ ಜೂನ್ ತಿಂಗಳಲ್ಲಿ ಪಾರ್ಸಿಗಳು ಪ್ರತಿಭಟಿಸಿದರು. ಅಂಗಡಿಗಳು ಮುಚ್ಚಿದವು, ದೊಂಬಿಯಾಯಿತು. ಎರಡು ವರ್ಷಗಳಲ್ಲಿ, 1834ರಲ್ಲಿ, ಜಮ್ಶೇಟ್ಜಿ ಜೀಜೀಭಾಯಿಯವರೂ ಇತರ ವರ್ತಕರೂ ಕೂಡಿ ಮುಂಬಯಿಯ ಪಿಂಜರಾಪೋಲನ್ನು ಸ್ಥಾಪಿಸಿದರು. ಕಾಲಕ್ರಮದಲ್ಲಿ ಇಂಥ ಸಂಸ್ಥೆಗಳಲ್ಲಿ ದನವೇ ಪ್ರಧಾನವಾಯಿತು. ಚಾಮುಂಡಿ ಬೆಟ್ಟದ ತಪ್ಪಲಿನ ಮೈಸೂರು ಪಿಂಜರಾಪೋಲೂ ಜನರ ನೆನಪಿನಲ್ಲಿರುವುದು ದನಗಳಿಂದಲೇ.

ನಾಯಿಯ ಪ್ರಶ್ನೆ ಮತ್ತೆ ಎದ್ದುದು 1926ರಲ್ಲಿ, ಅಹಮದಾಬಾದಿನಲ್ಲಿ. ಗಿರಣಿಯ ಮಾಲೀಕರಾದ ಅಂಬಾಲಾಲ್ ಸಾರಾಭಾಯಿಯವರು ಸುಮಾರು 60 ಬೀದಿನಾಯಿಗಳನ್ನು ಕೊಲ್ಲಿಸಿದರು. ಗಾಂಧೀಜಿಯವರು ಅದನ್ನು ಸಮರ್ಥಿಸಿದಾಗ ಅಹಿಂಸಾವಾದಿಗಳು ಕೆರಳಿ ಪತ್ರಗಳ ಸುರಿಮಳೆಗರೆದರು. ಗಾಂಧೀಜಿಯವರ ವಾದದ ತಿರುಳು ಇದು: ಒಡೆಯನಿಲ್ಲದ ನಾಯಿ ಅಲೆಯುವುದು ಸಮಾಜದ ಕರುಣೆಗೆ ಸಾಕ್ಷಿಯಲ್ಲ, ಅಲಕ್ಷ್ಯಕ್ಕೆ ಸಾಕ್ಷಿ, ತುತ್ತನ್ನೆಸೆದು ಹೊಣೆಯನ್ನು ಹೊರದಿರುವುದು ದಯೆಯಲ್ಲ. ಕೊಲ್ಲುವುದರ ಬಗೆಗೆ ಅವರ ನಿರ್ಣಯವನ್ನು ಒಪ್ಪದವರೂ, ಪ್ರಕೃತ ಲೇಖಕನೂ ಅವರಲ್ಲೊಬ್ಬ, ಒಡೆತನದ ಮಾತನ್ನು ಸುಲಭವಾಗಿ ತಳ್ಳಿಹಾಕಲಾರರು.

ಕಾನೂನೂ ಈ ಮಾತಿನ ಸುತ್ತಲೇ ನಿಂತಿದೆ. 1960ರ ಪ್ರಾಣಿಹಿಂಸಾ ನಿವಾರಣ ಅಧಿನಿಯಮದ 35ನೆಯ ಪ್ರಕರಣದಂತೆ ಹಿಂಸೆಗೊಳಗಾದ ಪ್ರಾಣಿಯನ್ನು ಚಿಕಿತ್ಸಾಲಯಕ್ಕಾಗಲಿ ಪಿಂಜರಾಪೋಲಿಗಾಗಲಿ ಕಳುಹಿಸಬಹುದು. ಸಾಗಣೆಯ ಖರ್ಚನ್ನೂ ಚಿಕಿತ್ಸಾಲಯದ ಪೋಷಣೆ, ಚಿಕಿತ್ಸೆಗಳ ಖರ್ಚನ್ನೂ ಕೊಡಬೇಕಾದವನು ಪ್ರಾಣಿಯ ಒಡೆಯ. ಬೀದಿನಾಯಿಯ ಪಾಲಿಗೆ ಆ ಸ್ಥಾನ ಬರಿದು. 2001ರ ಸಂತಾನನಿಯಂತ್ರಣ ನಿಯಮಗಳೂ ಅವುಗಳಿಗೆ ಬದಲಾಗಿ ಬಂದ 2023ರ ನಿಯಮಗಳೂ ನಾಯಿಗೆ ಶಸ್ತ್ರಕ್ರಿಯೆ ಮಾಡಿಸಿ, ಲಸಿಕೆ ಹಾಕಿ, ಹಿಡಿದಲ್ಲಿಗೇ ಬಿಡಬೇಕೆಂದವು. 2025ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ ಮುಂತಾದೆಡೆಗಳಿಂದ ಹಿಡಿದ ನಾಯಿಗಳನ್ನು ಮತ್ತೆ ಅಲ್ಲಿಗೆ ಬಿಡದೆ ಆಶ್ರಯಗಳಿಗೆ ಸೇರಿಸಬೇಕೆಂದು ಆಜ್ಞಾಪಿಸಿತು.

ವಾಹನಕ್ಕೆ ಸಿಕ್ಕಿ ಬೆನ್ನೆಲುಬು ಮುರಿದ ನಾಯಿಯನ್ನಾದರೋ ಯಾವ ಬೀದಿಗೂ ಬಿಡುವಂತಿಲ್ಲ. ಹಳ್ಳಿಯ ಆಶ್ರಯಸ್ಥಾನಕ್ಕೆ ಅದು ಬಂದರೆ ಬದುಕಿರುವಷ್ಟು ಕಾಲವೂ ದಿನಕ್ಕೆ ಹಲವು ಬಾರಿ ಮಗ್ಗುಲು ಬದಲಿಸಿ, ಹುಣ್ಣು ತೊಳೆದು, ಮೂತ್ರ ಹೊರಡಿಸಬೇಕು. ಖಂಬಾತಿನ ಮುದುಕನ ಕೆಲಸವನ್ನು ಸ್ವಯಂಸೇವಕರು ಇಂದಿಗೂ ಮಾಡುತ್ತಿದ್ದಾರೆ. ಅವರ ಹಿಂದೆ ಲಾಗಾ ಎತ್ತುವ ಮಹಾಜನವಿಲ್ಲ.