ಕೊಟ್ಟ ಕೈ, ಒಡ್ಡಿದ ಕೈ

ಕೃಷ್ಣೆಯ ದಂಡೆಯ ಸತ್ತಿಯಿಂದ ಅಥಣಿ ಕಡೆ ನಡೆದರೆ ದಾರಿಯುದ್ದಕ್ಕೂ ಕಬ್ಬು. ಈ ಹಸಿರು ನೋಡಿದವರಿಗೆ ಇಲ್ಲಿ ಜನ ಹಸಿದಿದ್ದರು ಅಂದರೆ ನಂಬಿಕೆ ಬರಲಿಕ್ಕಿಲ್ಲ. ಆದರೆ ನಮ್ಮ ಕೇರಿಗಳಲ್ಲಿ ಹಸಿವಿಗೂ ಒಂದು ಇತಿಹಾಸ ಐತಿ. ಅನ್ನ ಕೊಟ್ಟವರ ಹೆಸರನ್ನು ಕಲ್ಲಿನ ಮೇಲೆ ಕೆತ್ತಿಸಿದರು. ಕೈ ಒಡ್ಡಿ ನಿಂತವರ ಹೆಸರು ಯಾರೂ ಬರೆಯಲಿಲ್ಲ. ನಾವು ಆ ಒಡ್ಡಿದ ಕೈಯ ಕಡೆಯಿಂದ ಮಾತಾಡುತ್ತಿದ್ದೇವೆ.

ನಮ್ಮ ಹಿರಿಯರು ಊರ ಹೆಣ ಹೊತ್ತರು, ಸತ್ತ ದನ ಎಳೆದರು, ರಾತ್ರಿ ಕಾವಲು ಕಾಯ್ದರು. ಅದಕ್ಕೆ ಸುಗ್ಗಿಯಲ್ಲಿ ಆಯ ಸಿಗುತ್ತಿತ್ತು. ರಾಶಿ ಎದ್ದ ಮೇಲೆ ಹೆಂಗಸರು ಹೊಲದಲ್ಲಿ ಉಳಿದ ತೆನೆ ಹಕ್ಕಲಾಯುತ್ತಿದ್ದರು. ಅದು ದುಡಿದ ಕೂಲಿ. ಆದರೆ ಕೊಡುವವರು ಅದನ್ನ ಧರ್ಮ ಅಂದರು. ಇಸಗೊಳ್ಳುವವರು ಬಾಗಿ ಸೆರಗೊಡ್ಡಬೇಕಾಯಿತು. ನಮ್ಮ ಹಕ್ಕು ಭಿಕ್ಷೆಯಾದದ್ದು ಹೀಗೆ.

1876ರಲ್ಲಿ ಮಳೆ ಕೈಕೊಟ್ಟಿತು. 1878ರವರೆಗಿನ ಆ ಬರದಲ್ಲಿ ಮುಂಬಯಿ ಪ್ರಾಂತದ ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳು ಬೆಂದುಹೋದವು. ನಮ್ಮ ಮಗ್ಗುಲಿನ ಕಲಾದಗಿ ಜಿಲ್ಲೆ ಅಂದರೆ ಇಂದಿನ ವಿಜಯಪುರ, ಬಾಗಲಕೋಟೆಗಳ ಸೀಮೆ. 1872 ಮತ್ತು 1881ರ ಜನಗಣತಿಗಳ ನಡುವೆ ಅಲ್ಲಿಯ ಜನಸಂಖ್ಯೆ ಸುಮಾರು ಐದರಲ್ಲೊಂದು ಪಾಲು ಇಳಿಯಿತು. ದೇಶದಲ್ಲಿ ಕಾಳು ಇರಲಿಲ್ಲವೆ? ಇತ್ತು. ಅದೇ ವರ್ಷಗಳಲ್ಲಿ ಇಲ್ಲಿಯ ಗೋದಿ ಹಡಗು ಹತ್ತಿ ವಿಲಾಯತಿಗೆ ಹೋಗುತ್ತಿತ್ತು. ಇಲ್ಲದ್ದು ಬಡವರ ಕೈಯಲ್ಲಿ ಕಾಸು.

ಸರಕಾರ ಬರಗಾಲದ ಕಾಮಗಾರಿ ತೆಗೆಯಿತು. ಕಲ್ಲು ಒಡೆ, ಮಣ್ಣು ಹೊರು, ಕೂಳು ತಗೋ. 1877ರ ಜನವರಿಯಲ್ಲಿ ರಿಚರ್ಡ್ ಟೆಂಪಲ್ ಎಂಬ ದೊಡ್ಡ ಸಾಹೇಬ ಖರ್ಚು ಉಳಿಸಲು ಕೂಲಿಯನ್ನೇ ಕಡಿದ. ದಿನಕ್ಕೆ ಒಂದು ಪೌಂಡು ಕಾಳಿನ ಬೆಲೆ, ಮೇಲೆ ಚಿಲ್ಲರೆ ಕಾಸು. ಒಂದು ಪೌಂಡು ಅಂದರೆ ಅರ್ಧ ಕಿಲೋಕ್ಕೂ ಕಮ್ಮಿ. ಇಷ್ಟರಲ್ಲಿ ದಿನವಿಡೀ ಕಲ್ಲು ಒಡೆಯಬೇಕು! ಮುಂಬಯಿ ಪ್ರಾಂತದ ಸಾವಿರಾರು ಕೂಲಿಗಳು ಕೆಲಸ ಬಿಟ್ಟು ಎದ್ದು ನಡೆದರು. ಪುಣೆಯ ಸಾರ್ವಜನಿಕ ಸಭೆ ಅವರ ಪರ ಬರೆಯಿತು. ಗೆಳೆಯರೇ, ಹೊಟ್ಟೆಗಿಲ್ಲದವರು ಮಾಡಿದ ಈ ಮುಷ್ಕರವನ್ನು ನಮಗೆ ಯಾವ ಮಾಸ್ತರರೂ ಕಲಿಸಲಿಲ್ಲ. ಹಸಿದವನಿಗೆ ಮಾನ ಇರುವುದಿಲ್ಲ ಅನ್ನುವವರಿಗೆ ಅವರೇ ಉತ್ತರ.

ಸ್ವರಾಜ್ಯ ಬಂದ ಮೇಲೆಯೂ ಬರ ಬಂತು. 1972ರ ಬರದಲ್ಲಿ ನಮ್ಮವರು ಮತ್ತೆ ಕಲ್ಲು ಒಡೆದರು. ಆ ದಶಕದಲ್ಲಿ ಶಾಲೆಯ ಮಕ್ಕಳಿಗೆ ಅಮೆರಿಕದ ಕೇರ್ ಸಂಸ್ಥೆಯ ಉಪ್ಪಿಟ್ಟು, ಹಾಲಿನ ಪುಡಿ ಬಂತು. ಆ ಉಪ್ಪಿಟ್ಟಿನ ವಾಸನೆಗೇ ಶಾಲೆಗೆ ಹೋದವರು ನಮ್ಮಲ್ಲಿ ಅನೇಕರು. ಉಣಿಸಿದವರನ್ನು ಹಳಿಯುವ ಕೃತಘ್ನರು ನಾವಲ್ಲ. ಆದರೆ ಡಬ್ಬಿ ಬಾರದ ದಿನ ಯಾರನ್ನು ಕೇಳಬೇಕಿತ್ತು? ದಾನಕ್ಕೆ ದಾವೆ ಹೂಡಲಿಕ್ಕೆ ಬರುವುದಿಲ್ಲ.

2001ರಲ್ಲಿ ಆ ದಾವೆ ಸುಪ್ರೀಂ ಕೋರ್ಟಿಗೆ ಹೋಯಿತು. ಗೋದಾಮಿನಲ್ಲಿ ಕಾಳು ಕೊಳೆಯುವಾಗ ಜನ ಯಾಕೆ ಸಾಯಬೇಕು ಎಂಬುದೇ ಅದರ ಪ್ರಶ್ನೆ. ಶಾಲೆಗಳಲ್ಲಿ ಬಿಸಿಯೂಟ ಕೊಡಲೇಬೇಕೆಂದು ನ್ಯಾಯಾಲಯ ಅದೇ ವರ್ಷ ಆಜ್ಞೆ ಮಾಡಿತು. ಅಡಿಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆ ಕೊಡಿ ಎಂದು 2004ರಲ್ಲಿ ಹೇಳಿತು. 2013ರಲ್ಲಿ ಆಹಾರ ಭದ್ರತೆಯ ಕಾಯಿದೆ ಬಂತು. ಅದೇ ವರ್ಷ ನಮ್ಮ ರಾಜ್ಯದಲ್ಲಿ ಅನ್ನಭಾಗ್ಯ ಸುರುವಾಯಿತು. ಅನ್ನ 'ಭಾಗ್ಯ' ಹೆಂಗಾದೀತು? ಅದು ಕಾಯಿದೆಯಲ್ಲವೆ?

ಕಾಯಿದೆ ಬಂದರೂ ಒಲೆಯ ಮುಂದಿನ ಜಾತಿ ಹೋಗಲಿಲ್ಲ. ದಲಿತ ಹೆಣ್ಣುಮಗಳು ಬೇಯಿಸಿದಳೆಂದು ಮಕ್ಕಳನ್ನು ಶಾಲೆಯಿಂದ ಬಿಡಿಸಿಕೊಂಡು ಹೋದ ಊರು ಕೋಲಾರ ಜಿಲ್ಲೆಯಲ್ಲಿದೆ. ಹುಬ್ಬಳ್ಳಿಯಲ್ಲಿ ದೊಡ್ಡ ಅಡಿಗೆಮನೆ ನಡೆಸುವ ಅಕ್ಷಯಪಾತ್ರ ಸಾವಿರಾರು ಮಕ್ಕಳಿಗೆ ಉಣಿಸುತ್ತದೆ. ಆದರೆ ಉಳ್ಳಾಗಡ್ಡಿ, ಬೆಳ್ಳುಳ್ಳಿ ಹಾಕಲೊಲ್ಲೆ ಅಂದದ್ದಕ್ಕೆ 2018-19ರಲ್ಲಿ ರಾಜ್ಯದಲ್ಲಿ ದೊಡ್ಡ ಜಗಳವೇ ಆಯಿತು. 2021ರಲ್ಲಿ ಸರಕಾರ ಮಕ್ಕಳಿಗೆ ತತ್ತಿ ಕೊಡಲು ಹೊರಟಾಗ ಕೆಲವು ಮಠಾಧೀಶರು ಬೇಡವೆಂದರು. ನಮ್ಮ ಮಗುವಿನ ತಟ್ಟೆಯ ಮೇಲೆ ಪರರ ಮಡಿ ಯಾಕೆ ಕೂರಬೇಕು?

2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ದಂಡೆಯ ಹಳ್ಳಿಗಳಿಗೆ ನುಗ್ಗಿದಳು. ಗಂಜಿ ಕೇಂದ್ರಗಳು ತೆರೆದವು. ನೆರೆ ಕಾಣದ ಊರುಗಳವರು ರೊಟ್ಟಿ ಬಡಿದು, ಗಂಟು ಕಟ್ಟಿ ಕಳಿಸಿದರು. ಆ ರೊಟ್ಟಿ ಬಡಿದ ಅವ್ವಂದಿರಿಗೆ ನಮ್ಮ ಶರಣು. ಅವರು ಉಣ್ಣುವವರ ಜಾತಿ ಕೇಳಿ ಬಡಿದವರಲ್ಲ. ಮುಂದೆ ಗಂಜಿ ಕೇಂದ್ರದ ಹೆಸರು ಬದಲಾಗಿ ಕಾಳಜಿ ಕೇಂದ್ರ ಆಯಿತು. ಹೆಸರು ಚಲೋ ಐತಿ. ಆದರೆ ನೀರು ಇಳಿದ ಮೇಲೆ ಕಾಳಜಿ ಎಲ್ಲಿ? ಹೊಲವಿದ್ದವರಿಗೆ ಬೆಳೆಹಾನಿಯ ಪರಿಹಾರ ಐತಿ. ಅದೇ ಹೊಲದಲ್ಲಿ ಕೂಲಿ ಕಳಕೊಂಡವರ ಹಾನಿ ಯಾವ ಪಂಚನಾಮೆಯಲ್ಲಿ ಬರೀತಾರ? ಜೋಳದ ಹೊಲವೆಲ್ಲ ಕಬ್ಬಾಯಿತು. ಕಬ್ಬಿನಲ್ಲಿ ಹಕ್ಕಲಾಯಲಿಕ್ಕೆ ತೆನೆ ಇಲ್ಲ. ಈಗ ಕೇರಿಯ ಕಾಳೆಲ್ಲ ರೇಶನ್ ಅಂಗಡಿಯಿಂದಲೇ ಬರಬೇಕು.

ಬಸವಣ್ಣನ ಕಾಲದ ಶರಣರು ದಾನ ಎನ್ನದೆ ದಾಸೋಹ ಎಂದರು. ದಾನದಲ್ಲಿ ಕೊಡುವವ ಮೇಲೆ. ದಾಸೋಹದಲ್ಲಿ ಕೊಡುವವನೇ ದಾಸ. ಆ ಹೆಸರು ಹೊತ್ತ ಪಂಕ್ತಿಯ ಹೊರಗೆ, ಜಾತ್ರೆಯ ಧೂಳಿನಲ್ಲಿ ಕೂತು ನಾವು ಉಂಡಿದ್ದೇವೆ. ಮೇಲಿನಿಂದ ಎತ್ತಿ ಹಾಕಿದ ಹುಗ್ಗಿಯ ಬಿಸಿ ಇನ್ನೂ ಅಂಗೈಯಲ್ಲಿ ಐತಿ.

ನಾವು ದಾನ ಬೇಡವೆನ್ನುವುದಿಲ್ಲ. ಹಸಿದ ಹೊಟ್ಟೆಗೆ ಮೊದಲು ಅನ್ನ, ಆಮೇಲೆ ವಾದ. ಆದರೆ ಅನ್ನದ ಜೊತೆ ಲೆಕ್ಕ ಕೇಳುತ್ತೇವೆ: ನಮ್ಮ ಪಾಲಿನ ಭೂಮಿಯ ಲೆಕ್ಕ, ಕೂಲಿಯ ಲೆಕ್ಕ, ಒಂದೇ ಸಾಲಿನಲ್ಲಿ ಕೂರುವ ಹಕ್ಕಿನ ಲೆಕ್ಕ. 1877ರಲ್ಲಿ ಎದ್ದು ನಡೆದವರು ಕೇಳಿದ್ದೂ ಇದನ್ನೇ. ಆ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ.