ಕೊಳದ ಹೊತ್ತು, ಕಾಲುವೆಯ ಸರದಿ

ಹಂಪಿಗೆ ಹೋದವರು ಅರಮನೆ ಆವರಣದಲ್ಲಿರೋ ಆ ಉದ್ದನೆಯ ದೊಡ್ಡ ಕೊಳವನ್ನು ನೋಡಿಯೇ ಇರ್ತೀರಿ. ಗೈಡುಗಳು ಅದನ್ನು "ಸಾರ್ವಜನಿಕ ಸ್ನಾನದ ಕೊಳ" ಅಂತ ತೋರಿಸ್ತಾರೆ. ಕೆಲವರು "ಆಗಿನ ಕಾಲದ ಸ್ವಿಮ್ಮಿಂಗ್ ಪೂಲ್" ಅಂತಲೂ ಹೇಳ್ತಾರೆ. ಕೇಳೋಕೆ ಚೆನ್ನಾಗಿದೆ. ಆದ್ರೆ ಆ ಕೊಳ ಇರೋದು ಅರಸರ ಕೋಟೆಗೋಡೆಯ ಒಳಗೆ. "ಸಾರ್ವಜನಿಕ" ಅನ್ನೋ ಹೆಸರು ನಾವು ಆಮೇಲೆ ಕೊಟ್ಟದ್ದು. ಹೆಸರಿಟ್ಟ ಮಾತ್ರಕ್ಕೆ ನೀರು ಸಾರ್ವಜನಿಕ ಆಗಲ್ಲ ಅಲ್ವಾ?

ಈ ಪ್ರಶ್ನೆ ಈಗ ಯಾಕೆ ಬಂತು ಅಂದ್ರೆ, ನಮ್ಮ ಜಿಲ್ಲಾ ಕೇಂದ್ರಗಳ ಈಜುಕೊಳಗಳಲ್ಲೂ ಇದೇ ತಕರಾರು. ಸ್ಪರ್ಧೆಗೆ ತಯಾರಾಗೋ ಮಕ್ಕಳಿಗೆ ಬೆಳಗಿನ ಹೊತ್ತು ಬೇಕು. ಕೆಲಸಕ್ಕೆ ಹೋಗೋರಿಗೂ ಬೆಳಗಿನ ಹೊತ್ತೇ ಬೇಕು. ಹೆಂಗಸರಿಗೆ ಅಂತ ಒಂದು ಬ್ಯಾಚ್ ಇಟ್ರೆ ಅದು ಅಡುಗೆ ಹೊತ್ತಿಗೇ ಬಿದ್ದಿರುತ್ತೆ. ಬೇಸಿಗೆ ಶಿಬಿರ ಶುರುವಾದ್ರೆ ಉಳಿದವರೆಲ್ಲ ಹೊರಗೆ. ಕೊಳ ಒಂದೇ, ಕೇಳೋರು ನಾಲ್ಕು ಥರದವರು. ಹಂಚೋದು ಹೇಗೆ?

ಇದಕ್ಕೆ ಉತ್ತರ ಹುಡುಕೋಕೆ ದೂರ ಹೋಗಬೇಕಿಲ್ಲ. ಹೊಸಪೇಟೆ, ಹಂಪಿ, ಕಂಪ್ಲಿ ಸುತ್ತಮುತ್ತ ಒಂದೇ ನೀರನ್ನ ಹತ್ತಾರು ಊರು ಹಂಚಿಕೊಂಡ ಐನೂರು ವರ್ಷದ ಚರಿತ್ರೆಯೇ ಇದೆ.

ವಿಜಯನಗರದ ಅರಸರು ತುಂಗಭದ್ರೆಗೆ ಅಡ್ಡಲಾಗಿ ಅಲ್ಲಲ್ಲಿ ಕಲ್ಲಿನ ಒಡ್ಡು ಕಟ್ಟಿಸಿ ಕಾಲುವೆ ತೆಗೆಸಿದರು. ರಾಯ ಕಾಲುವೆ, ಬಸವಣ್ಣ ಕಾಲುವೆ, ಬೆಲ್ಲ ಕಾಲುವೆ, ತುರ್ತಾ ಕಾಲುವೆ, ರಾಮಸಾಗರ ಕಾಲುವೆ, ಕಂಪ್ಲಿ ಕಾಲುವೆ... ಇವು ಬಲದಂಡೆಯವು. ಆಚೆ ದಂಡೆಯಲ್ಲಿ ಆನೆಗೊಂದಿ, ಗಂಗಾವತಿ ಕಡೆಯವು ಬೇರೆ. ರಾಜಧಾನಿ 1565ರಲ್ಲಿ ಹಾಳಾಯ್ತು, ಆದ್ರೆ ಕಾಲುವೆಗಳು ಹರೀತಾನೇ ಇವೆ. ಅರಮನೆಯ ಕೊಳ ಪ್ರವಾಸಿಗರ ಫೋಟೋಗೆ ಉಳೀತು. ರೈತರ ಕಾಲುವೆ ಬಾಳೆ, ಭತ್ತ, ಕಬ್ಬಿಗೆ ನೀರು ಕೊಡ್ತಾ ಉಳೀತು. ಯಾಕಿರಬಹುದು? ಕಾಲುವೆಗೆ ಪಾಲುದಾರರು ಇದ್ದರು. ಹೂಳು ತೆಗೆಯೋಕೆ ತಲೆ ಬೇರೆ ಬೇರೆ, ಬಾಯಾರಿಕೆ ಒಂದೇ.

ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ 1520ರ ಸುಮಾರಿಗೆ ಇಲ್ಲಿಗೆ ಬಂದಾಗ ಕೃಷ್ಣದೇವರಾಯ ಒಂದು ದೊಡ್ಡ ಕೆರೆ ಕಟ್ಟಿಸ್ತಾ ಇದ್ದ. ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳ ಹಾಗೆ ಕೆಲಸ ಮಾಡ್ತಿದ್ದರು ಅಂತ ಪಾಯೆಸ್ ಬರೆದಿದ್ದಾನೆ. ಆ ಕೆಲಸವನ್ನ ರಾಯ ತನ್ನ ನಾಯಕರಿಗೆ ಭಾಗ ಭಾಗವಾಗಿ ಹಂಚಿಕೊಟ್ಟಿದ್ದನಂತೆ. ಆಮೇಲೆ ಬಂದ ನೂನಿಜ್ ಇನ್ನೊಂದು ವಿಷಯ ಹೇಳ್ತಾನೆ: ಆ ನೀರು ಹಾಯುವ ಹೊಲಗಳನ್ನ ಹದ ಮಾಡಿಕೊಳ್ಳಲಿ ಅಂತ ಒಂಬತ್ತು ವರ್ಷ ಕಂದಾಯ ಇಲ್ಲದೆ ಬಿಟ್ಟುಕೊಟ್ಟರಂತೆ. ಅಂದ್ರೆ ಮೊದಲು ಕಲಿಯೋಕೆ, ನೆಲೆ ನಿಲ್ಲೋಕೆ ಅವಕಾಶ, ವಸೂಲಿ ಆಮೇಲೆ. ಈಜುಕೊಳದ ಶುಲ್ಕ ನಿಗದಿ ಮಾಡೋರು ಈ ಸಾಲನ್ನ ಒಮ್ಮೆ ಓದಬೇಕು :-)

ಕೆರೆ ಕಾಲುವೆ ಕಟ್ಟೋದು ಅರಸರ ಕೆಲಸ ಆದ್ರೆ, ದಿನಾ ಹಂಚೋದು ಊರಿನ ಕೆಲಸ. ಕನ್ನಡ ನಾಡಿನ ಎಷ್ಟೋ ಕೆರೆಗಳಲ್ಲಿ ಇದಕ್ಕೆ ನೀರಗಂಟಿ ಅಂತ ಒಬ್ಬ ಇರ್ತಿದ್ದ. ತೂಬು ಎತ್ತೋನು ಅವನೇ, ಇಳಿಸೋನೂ ಅವನೇ. ಗೌಡರ ಗದ್ದೆಗೂ ಬಡವನ ಗದ್ದೆಗೂ ಅವನು ಬಿಟ್ಟಷ್ಟೇ ನೀರು. ಕೂಲಿಯಾಗಿ ಸುಗ್ಗಿಯಲ್ಲಿ ಕಾಳು. ಇಲ್ಲಿ ಗಮನಿಸಬೇಕಾದ್ದು ಅಳತೆ. ತೂಬು ಎಷ್ಟು ತೆರೆದಿದೆ ಮತ್ತು ಎಷ್ಟು ಹೊತ್ತು ತೆರೆದಿದೆ, ಎರಡೂ ಸೇರಿದರೇ ಪಾಲು. ಬರೀ ಹೊತ್ತು ಲೆಕ್ಕ ಹಾಕಿದ್ರೆ ಮೋಸ ಆಗುತ್ತೆ.

ಹಾಗಂತ ಹಳೇ ಕಾಲವನ್ನ ಹೊಗಳಿ ಸುಮ್ಮನಾಗೋ ಹಾಗಿಲ್ಲ. ಹಲವು ಊರುಗಳಲ್ಲಿ ನೀರಗಂಟಿ ದಲಿತನಾಗಿರ್ತಿದ್ದ. ಊರಿಗೆಲ್ಲ ನೀರು ಹಂಚೋನು ಊರ ಬಾವಿಯನ್ನ ಮುಟ್ಟುವಂತಿರಲಿಲ್ಲ! ಸರದಿ ಹಂಚೋದಕ್ಕಿಂತ ಮೊದಲಿನ ಪ್ರಶ್ನೆ ಇದು: ಸಾಲಿನಲ್ಲಿ ನಿಲ್ಲೋಕೆ ಯಾರಿಗೆ ಹಕ್ಕಿದೆ? ಮಹಾರಾಷ್ಟ್ರದ ಮಹಾಡಿನ ಚವದಾರ ಕೆರೆಯನ್ನ ಎಲ್ಲರಿಗೂ ತೆರೆದಿದ್ದೇವೆ ಅಂತ ಪುರಸಭೆ 1924ರಲ್ಲೇ ಠರಾವು ಮಾಡಿತ್ತು. ಕಾಗದದಲ್ಲಿ ತೆರೆದದ್ದು ನೀರಿನಲ್ಲಿ ತೆರೆದಿರಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರ ಜೊತೆ ಹೋಗಿ ಆ ನೀರು ಕುಡಿಯಬೇಕಾಯ್ತು. ಬಾಂಬೆ ಹೈಕೋರ್ಟಿನ ತೀರ್ಪು ಬರೋಕೆ 1937 ಆಯ್ತು. ನಮ್ಮ ಸಂಡೂರಿನಲ್ಲಿ ಘೋರ್ಪಡೆ ಅರಸರು 1932ರಲ್ಲಿ ದೇವಸ್ಥಾನಗಳನ್ನ ಹರಿಜನರಿಗೆ ತೆರೆದದ್ದು ಇದೇ ಕಾಲದ ಮಾತು. ತಿರುವಾಂಕೂರಿನ ಪ್ರಸಿದ್ಧ ಘೋಷಣೆಗಿಂತ ನಾಲ್ಕು ವರ್ಷ ಮುಂಚೆ.

ಈಜುಕೊಳದ್ದೇ ಉದಾಹರಣೆ ಬೇಕಾದ್ರೆ ಅಮೆರಿಕಾದ ಜಾಕ್ಸನ್ ಪಟ್ಟಣ ನೋಡಿ. ಕರಿಯರು ಬಿಳಿಯರು ಒಂದೇ ಕೊಳದಲ್ಲಿ ಈಜಬೇಕಾಗುತ್ತೆ ಅಂದಾಗ ನಗರಾಡಳಿತ ಕೊಳಗಳನ್ನೇ ಮುಚ್ಚಿಬಿಡ್ತು. 1971ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು 5-4ರ ಬಹುಮತದಲ್ಲಿ ಮುಚ್ಚಿದ್ದು ಸರಿ ಅಂತು. ಹಂಚಿಕೊಳ್ಳೋದಕ್ಕಿಂತ ಯಾರಿಗೂ ಇಲ್ಲದಿರೋದೇ ಮೇಲು ಅನ್ನೋ ಬುದ್ಧಿ ಎಲ್ಲ ದೇಶದಲ್ಲೂ ಇದೆ.

ಈಗ ಡ್ಯಾಮಿಗೆ ಬರೋಣ. ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಶುರುವಾಗಿ 1953ರಲ್ಲಿ ಕಾಲುವೆಗೆ ನೀರು ಬಿಟ್ಟರು. ಸುಮಾರು 90 ಹಳ್ಳಿಗಳು ಮುಳುಗಿದವು. ಮೂಲ ಯೋಜನೆ ಬರಗಾಲದಿಂದ ಕಾಪಾಡೋದು: ಸ್ವಲ್ಪ ಸ್ವಲ್ಪ ನೀರು, ಜೋಳ ಹತ್ತಿಯಂಥ ಬೆಳೆ, ಬಹಳ ಜನಕ್ಕೆ. ಆದ್ರೆ ಆದದ್ದೇನು? ಕಾಲುವೆಯ ಮೇಲ್ಭಾಗದವರು ಭತ್ತಕ್ಕೆ ಇಳಿದರು. ಭತ್ತಕ್ಕೆ ನಿಂತ ನೀರು ಬೇಕು. ಕೊನೆಭಾಗದ ರೈತರಿಗೆ, ಸಿರುಗುಪ್ಪದ ಕಡೆ, ರಾಯಚೂರಿನ ಮಾನ್ವಿ ಕಡೆ, ಕಾಗದದ ಮೇಲೆ ನೀರು, ಕಾಲುವೆಯಲ್ಲಿ ಧೂಳು. ಪ್ರತಿ ಹಂಗಾಮಿನಲ್ಲೂ ನೀರಾವರಿ ಸಲಹಾ ಸಮಿತಿ ಕೂತು ವೇಳಾಪಟ್ಟಿ ಮಾಡುತ್ತೆ. ನೀರು ಕಡಿಮೆ ಇದ್ದಾಗ ಇಷ್ಟು ದಿನ ಆನ್, ಇಷ್ಟು ದಿನ ಆಫ್ ಅಂತ ಸರದಿ. ಆದರೂ ಕೊನೆಭಾಗದವರ ಕೂಗು ನಿಂತಿಲ್ಲ. ಭತ್ತ ಬೆಳೆದವರು ಕೆಟ್ಟವರು ಅಂತಲ್ಲ. ಮೇಲೆ ಇರೋರಿಗೆ ಮೊದಲು ಸಿಗುತ್ತೆ, ಒಮ್ಮೆ ಸಿಕ್ಕಿದ್ದು ಹಕ್ಕಾಗುತ್ತೆ, ಅಷ್ಟೇ.

ಈಜುಕೊಳದಲ್ಲಿ ನಡೆಯೋದೂ ಇದೇ. ಸ್ಪರ್ಧೆಯ ಮಕ್ಕಳು ಭತ್ತದ ಹಾಗೆ. ಅವರಿಗೆ ದಿನಾ ನೀರು ಬೇಕು, ಒಂದು ವಾರ ತಪ್ಪಿದ್ರೂ ತಿಂಗಳ ಶ್ರಮ ಹಾಳು. ಅವರ ಬೇಡಿಕೆ ಸುಳ್ಳಲ್ಲ. ಉಳಿದವರು ಜೋಳದ ಹಾಗೆ. ವಾರಕ್ಕೆ ಎರಡು ಮೂರು ಸರದಿ ಸಾಕು, ಆದ್ರೆ ಅದು ಖಂಡಿತ ಬರಬೇಕು. ಕೊನೆಭಾಗದವರು ಯಾರು? ಸರ್ಕಾರಿ ಶಾಲೆ ಮಕ್ಕಳು, ಹೆಂಗಸರು, ಕಂಪ್ಲಿಯಿಂದಲೋ ಸಂಡೂರಿನಿಂದಲೋ ಬಸ್ಸು ಹಿಡಿದು ಬರೋರು. 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಈ ಎರಡೂ ತಾಲೂಕು ಬಳ್ಳಾರಿಯಲ್ಲೇ ಉಳಿದವು, ಹೊಸಪೇಟೆ ಹತ್ತಿರ ಇದ್ದರೂ ಜಿಲ್ಲಾ ಕೇಂದ್ರ ಬಳ್ಳಾರಿಯೇ.

ನೀರಗಂಟಿಯ ಅಳತೆಯನ್ನೇ ಇಲ್ಲಿ ಹಾಕಿ ನೋಡಿ. ಲೆಕ್ಕಕ್ಕೆ ಒಂದು ಕೊಳ, 6 ಲೇನು, ದಿನಕ್ಕೆ 8 ಗಂಟೆ ಅಂದ್ಕೊಳ್ಳಿ. ಒಟ್ಟು 48 ಲೇನ್-ಗಂಟೆ. 24 ಮಕ್ಕಳ ತಂಡ ಲೇನಿಗೆ ಆರು ಜನರಂತೆ 4 ಲೇನಿನಲ್ಲಿ 3 ಗಂಟೆ ಈಜಿದ್ರೆ 12 ಆಯ್ತು. ಅದೇ ತಂಡಕ್ಕೆ "ಬೆಳಗ್ಗೆ ಮೂರು ಗಂಟೆ ಪೂರ್ತಿ ಕೊಳ" ಅಂತ ಬರೆದುಕೊಟ್ರೆ 18. ಆ ಆರು ಲೇನ್-ಗಂಟೆ ಯಾರಿಗೂ ಉಪಯೋಗ ಇಲ್ಲದೆ ಹರಿದುಹೋದ ನೀರು. ಅದೂ ಎಲ್ಲರಿಗೂ ಬೇಕಾದ ಹೊತ್ತಿನಲ್ಲಿ! ಕಲಿಯೋ ಮಕ್ಕಳಿಗೋ ಲೇನೇ ಬೇಡ, ಆಳ ಇಲ್ಲದ ತುದಿ ಸಾಕು.

ನನ್ನ ಪ್ರಕಾರ ಪಟ್ಟಿ ಬರೆಯೋದು ಕೊನೆಭಾಗದಿಂದ ಶುರುವಾಗಬೇಕು. ಮೊದಲು ಈಜು ಬಾರದ ಮಕ್ಕಳ ಹೊತ್ತು, ಹೆಂಗಸರಿಗೆ ಅನುಕೂಲದ ಹೊತ್ತು, ಬಸ್ಸಿನವರ ಹೊತ್ತು ಗಟ್ಟಿ ಮಾಡಿ. ಆಮೇಲೆ ತಂಡಗಳಿಗೆ ಲೇನ್ ಲೆಕ್ಕದಲ್ಲಿ ಕೊಡಿ, ದಿನಾ ಕೊಡಿ. ಯಾರಿಗೆ ಎಷ್ಟು ಅಂತ ಗೇಟಿನ ಬೋರ್ಡಿನ ಮೇಲೆ ಬರೀರಿ. ಯಾಕೆ ಕಲಿಯೋರು ಮೊದಲು ಅಂದ್ರೆ, ಇದು ಪದಕದ ಪ್ರಶ್ನೆಗಿಂತ ದೊಡ್ಡದು. ಕಾಲುವೆ, ಹೊಳೆ, ಡ್ಯಾಮಿನ ಹಿನ್ನೀರು ಇರೋ ಸೀಮೆ ನಮ್ಮದು. ಬೇಸಿಗೆ ರಜೆ ಬಂತೆಂದ್ರೆ ಮಕ್ಕಳು ನೀರಿಗಿಳೀತಾರೆ. 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಲ್ಲಿ ಮುಳುಗಿ ಸತ್ತರು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ.

ಇನ್ನೊಂದು ಮಾತು. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟು ಚೈನು ತುಂಡಾಗಿ ಕೊಚ್ಚಿಹೋಯ್ತು. ಆವತ್ತು ನಷ್ಟ ಮೇಲಿನವರು ಕೆಳಗಿನವರು ಅಂತ ನೋಡಲಿಲ್ಲ. ಮೊದಲು 133 ಟಿಎಂಸಿ ಹಿಡೀತಿದ್ದ ಜಲಾಶಯ ಹೂಳು ತುಂಬಿ 105ರ ಆಸುಪಾಸಿಗೆ ಇಳಿದಿರೋದೂ ಎಲ್ಲರ ಪಾಲಿನಿಂದಲೇ. ಹಾಗಾಗಿ ಕೊಳ ಕ್ಲೀನ್ ಮಾಡೋಕೆ ವಾರಕ್ಕೊಂದು ದಿನ ಮುಚ್ಚಿದ್ರೆ ಗೊಣಗಬೇಡಿ, ಅದೂ ಒಂದು ಸರದಿಯೇ.

ನಿಮ್ಮೂರಿನ ಕೊಳದ ಬೋರ್ಡಿನಲ್ಲಿ ಏನು ಬರೆದಿದೆ? ಒಮ್ಮೆ ನೋಡ್ಕೊಂಡು ಬಂದು ತಿಳಿಸಿ. ಬೋರ್ಡೇ ಇಲ್ಲ ಅಂದ್ರೆ ಅದನ್ನೂ ತಿಳಿಸಿ.