ಸ್ಮೋಕಿ ಮತ್ತು 70 ಅಡಿ ಕತ್ತಲೆ

‘ಬಾ’ ಎಂದರೆ ನಮ್ಮ ಮನೆಯ ಪುಟ್ಟ ನಾಯಿ ಒಮ್ಮೆ ನನ್ನತ್ತ ನೋಡಿ, ಹೆಗ್ಗಣದ ಬಿಲದ ಕಡೆಗೇ ಓಡುತ್ತದೆ. ಟೆರಿಯರ್ ನಾಯಿಗಳ ಚರಿತ್ರೆ ಓದಿದ ಮೇಲೆ ನನ್ನ ಸಿಟ್ಟು ಇಳಿಯಿತು. ಇಂಗ್ಲೆಂಡಿನಲ್ಲಿ ಇವನ್ನು ಸಾಕುತ್ತಿದ್ದುದು ಇಲಿ ಹಿಡಿಯಲು. ಬಿಲಕ್ಕೆ ಮೂತಿ ತೂರಿಸಿದ ನಾಯಿಗೆ ಯಜಮಾನನ ಅಪ್ಪಣೆ ಕೇಳಿಸುವುದೆಲ್ಲಿ? ನಾವು ಹಟ ಎಂದು ಬೈಯುವುದು ಅದರ ಕಸುಬು.

ಎರಡನೇ ಮಹಾಯುದ್ಧ ಕಂಡ ಸ್ಮೋಕಿಯೂ ಅಂಥದೇ ಒಂದು ಯಾರ್ಕ್‌ಷೈರ್ ಟೆರಿಯರ್. ತೂಕ 2 ಕಿಲೋ ಕೂಡ ಇಲ್ಲ. 1944ರಲ್ಲಿ ನ್ಯೂಗಿನಿಯ ಕಾಡಿನ ಕಂದಕವೊಂದರಲ್ಲಿ ಸಿಕ್ಕ ಅದನ್ನು ಅಮೆರಿಕದ ಸೈನಿಕ ಬಿಲ್ ವಿನ್ 2 ಆಸ್ಟ್ರೇಲಿಯನ್ ಪೌಂಡ್ ಕೊಟ್ಟು ಕೊಂಡ. ಬಿಡುವು ಸಿಕ್ಕಾಗಲೆಲ್ಲ ಪಾಠ ಹೇಳಿ, ಕರೆದರೆ ಬರುವಂತೆ ಮಾಡಿದ (ನನ್ನಿಂದ ಇನ್ನೂ ಆಗದ ಕೆಲಸ).

1945ರ ಜನವರಿ, ಫಿಲಿಪ್ಪೀನ್ಸಿನ ಲುಝಾನ್ ದ್ವೀಪದ ವಿಮಾನನೆಲೆ. 70 ಅಡಿ ಉದ್ದದ, 8 ಇಂಚು ಅಗಲದ ಕೊಳವೆಯೊಳಗೆ ಟೆಲಿಫೋನ್ ತಂತಿ ಹಾಯಿಸಬೇಕಿತ್ತು. ಇಲ್ಲವಾದರೆ ಮೇಲೆ ವಿಮಾನ ಓಡಾಡುವ ದಾರಿಯನ್ನೇ ಅಗೆಯಬೇಕು. ಸ್ಮೋಕಿಯ ಕೊರಳಪಟ್ಟಿಗೆ ದಾರ ಕಟ್ಟಿ, ವಿನ್ ಆಚೆ ತುದಿಯಿಂದ ಕರೆದ. ಒಂದೆರಡು ಹೆಜ್ಜೆ ಇಟ್ಟು ಅದು ಹಿಂದಕ್ಕೆ ಓಡಿತು. ಗದರಿಸಿ ಕರೆದ. ಮತ್ತೆ ಹೊರಟಿತು; ನಡುವೆ ದಾರ ಸಿಕ್ಕಿಕೊಂಡಾಗ ತಿರುಗಿ ನೋಡಿತು, ಅಷ್ಟೆ. ಎದ್ದ ಧೂಳಿನಲ್ಲಿ ಏನೂ ಕಾಣದೆ ವಿನ್ ಅಂಗಲಾಚಿ ಕರೆಯುತ್ತಲೇ ಇದ್ದ. ಕೊನೆಗೆ ಒಳಗೆಲ್ಲೋ ಎರಡು ಕಣ್ಣು ಹೊಳೆದವು.